ಚಿಕಿತ್ಸಾ ಸಂಶೋಧನೆಯಲ್ಲಿ ನರ್ಸುಗಳು ಮತ್ತು ಉದ್ಯಮ: ಉತ್ತರ ಕರ್ನಾಟಕದ ಹೆರಿಗೆ ಕೋಣೆಗಳ ಸಾಕ್ಷ್ಯ

ಹೊಸ ಔಷಧಿಯನ್ನೋ ಉಪಕರಣವನ್ನೋ ಮನುಷ್ಯರ ಮೇಲೆ ನಿಯಮಬದ್ಧವಾಗಿ ಪರೀಕ್ಷಿಸುವ ಕೆಲಸಕ್ಕೆ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ಇದರ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಮೂವರ ಹೆಸರು ಕೇಳಿಬರುತ್ತದೆ: ಹಣವನ್ನೋ ಸರಕನ್ನೋ ಒದಗಿಸುವ ಕಂಪನಿ, ಹೊಣೆ ಹೊರುವ ವೈದ್ಯ, ಪ್ರಯೋಗಕ್ಕೆ ಒಪ್ಪಿಕೊಂಡ ರೋಗಿ. ಈ ಮೂವರ ನಡುವೆ ಹಗಲು ರಾತ್ರಿ ಓಡಾಡುವ ನರ್ಸಿನ ಹೆಸರು ಅಪರೂಪ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವಳು, ಬಿಪಿ ನೋಡಿ ಬರೆದುಕೊಳ್ಳುವವಳು, ನಡುಕ, ಜ್ವರ, ವಾಂತಿ ಬಂದರೆ ಮೊದಲು ಗಮನಿಸುವವಳು, ಒಪ್ಪಿಗೆ ಪತ್ರದಲ್ಲಿ ಏನಿದೆಯೆಂದು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವವಳು ಅವಳೇ. ಅವಳಿಗೂ ಔಷಧ ಮತ್ತು ಉಪಕರಣ ಉದ್ಯಮಕ್ಕೂ ಇರುವ ಸಂಬಂಧವನ್ನು ಬಹುಪಾಲು ಜನ ಕೂಲಿಯ ಸಂಬಂಧವೆಂದೇ ಭಾವಿಸಿದ್ದಾರೆ. ಪ್ರಶ್ನೆ ಕಂಪನಿಯದು, ಯೋಜನೆ ವೈದ್ಯರದು, ಅಂಕಿ ತುಂಬುವುದು ಮಾತ್ರ ನರ್ಸಿನದು ಎಂಬ ಹಂಚಿಕೆ ಅದು. 2002ರಿಂದೀಚೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹೆರಿಗೆಗೆ ಸಂಬಂಧಿಸಿ ನಡೆದ ಪ್ರಯೋಗಗಳನ್ನು ಹತ್ತಿರದಿಂದ ನೋಡಿದರೆ ಈ ಹಂಚಿಕೆ ತಪ್ಪೆಂದು ಕಾಣುತ್ತದೆ. ಅಲ್ಲಿ ಗೆದ್ದ ಪ್ರಯೋಗಗಳು ನರ್ಸಿನ ಕೆಲಸದ ಸ್ಥಿತಿಗತಿಯನ್ನೇ ಪ್ರಶ್ನೆಯಾಗಿ ಎತ್ತಿಕೊಂಡವು. ಹಾಗೆ ಮಾಡದಿದ್ದಲ್ಲಿ ಒಳ್ಳೆಯ ವಸ್ತುವೂ ಅರ್ಧ ಉತ್ತರವನ್ನಷ್ಟೇ ಕೊಟ್ಟಿತು.

ಮೊದಲ ಉದಾಹರಣೆ ಮಿಸೊಪ್ರೊಸ್ಟಾಲ್. ಇದನ್ನು 1970ರ ದಶಕದಲ್ಲಿ ಅಮೆರಿಕದ ಜಿ.ಡಿ. ಸರ್ಲ್ ಕಂಪನಿ ಹೊಟ್ಟೆ ಹುಣ್ಣಿನ ಮದ್ದಾಗಿ ರೂಪಿಸಿತು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದೂ ಹುಣ್ಣಿಗಾಗಿಯೇ. ಅದು ಗರ್ಭಕೋಶವನ್ನು ಬಿಗಿಯಾಗಿ ಕುಗ್ಗಿಸುತ್ತದೆ ಎಂಬುದು ಪ್ರಸೂತಿ ತಜ್ಞರಿಗೆ ಬೇಗ ತಿಳಿಯಿತು. ಹೆರಿಗೆಯಾದ ಮೇಲೆ ಗರ್ಭಕೋಶ ಸರಿಯಾಗಿ ಕುಗ್ಗದಿದ್ದರೆ ರಕ್ತ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70,000 ತಾಯಂದಿರು ಸಾಯುವುದು ಈ ಕಾರಣದಿಂದ. ಆದರೂ ಕಂಪನಿ ಈ ಬಳಕೆಗೆ ಅನುಮತಿ ಕೇಳಲು ಮುಂದಾಗಲಿಲ್ಲ. ಬದಲಿಗೆ, ಗರ್ಭಿಣಿಯರಿಗೆ ಇದನ್ನು ಕೊಡಬೇಡಿ ಎಂದು 2000ನೇ ಇಸವಿಯ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಇದರ ಹಿಂದೆ, ಗರ್ಭಕೋಶ ಕುಗ್ಗಿಸುವ ಮಾತ್ರೆಯ ಸುತ್ತಲಿನ ಗರ್ಭಪಾತದ ರಾಜಕೀಯ ಒಂದು ಕಡೆ, ಅಗ್ಗದ ಹಳೆಯ ಮಾತ್ರೆಯಿಂದ ಬರುವ ಲಾಭ ಅಲ್ಪ ಎಂಬುದು ಇನ್ನೊಂದು ಕಡೆ. ಉದ್ಯಮ ಮತ್ತು ಸಂಶೋಧನೆಯ ಸಂಬಂಧ ಎಂದಾಗ ಕಂಪನಿ ಹಣ ಹಾಕಿದ ಪ್ರಯೋಗಗಳನ್ನಷ್ಟೇ ಎಣಿಸುವ ರೂಢಿಯಿದೆ. ಕಂಪನಿ ಕೈಬಿಟ್ಟ ಪ್ರಶ್ನೆಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಬಡ ಊರುಗಳ ತಾಯಂದಿರ ಮಟ್ಟಿಗೆ ಅವೇ ಹೆಚ್ಚು ದುಬಾರಿಯಾಗಿವೆ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಬೆಂಬಲದ ಜಾಗತಿಕ ಜಾಲವೊಂದರ ಭಾಗವಾಗಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಪ್ರಯೋಗ ನಡೆಯಿತು. ರಿಚರ್ಡ್ ಡರ್ಮನ್, ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ ಮೊದಲಾದವರು ಮುಂದಾಳುಗಳು. ಆಸ್ಪತ್ರೆಯಲ್ಲಿ ವೈದ್ಯರು ಚುಚ್ಚುಮದ್ದು ಕೊಟ್ಟರೆ ಏನಾಗುತ್ತದೆ ಎಂಬುದು ಅಷ್ಟುಹೊತ್ತಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ: ಮನೆಯಲ್ಲೋ ಉಪಕೇಂದ್ರದಲ್ಲೋ ವೈದ್ಯರಿಲ್ಲದೆ ಹೆರಿಗೆ ಮಾಡಿಸುವ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಒಬ್ಬಳೇ ಮಾತ್ರೆ ಕೊಟ್ಟರೆ ರಕ್ತಸ್ರಾವ ತಗ್ಗುತ್ತದೆಯೇ? 25 ಎಎನ್‌ಎಂಗಳು 1,620 ಹೆರಿಗೆ ಮಾಡಿಸಿದರು. ಹೊಕ್ಕುಳಬಳ್ಳಿ ಕತ್ತರಿಸಿದ ಐದು ನಿಮಿಷದೊಳಗೆ ಬಾಣಂತಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಅಥವಾ ಅದರಂತೆಯೇ ಕಾಣುವ ಹುಸಿಮಾತ್ರೆ ನುಂಗಿಸಿದರು. ಯಾವುದು ಯಾವುದೆಂದು ಅವರಿಗೂ ಗೊತ್ತಿರಲಿಲ್ಲ. ಹರಿದ ರಕ್ತವನ್ನು ಅಳೆದು ಬರೆದವರೂ ಅವರೇ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, 500 ಮಿಲಿಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಕಳೆದುಕೊಂಡವರು ಹುಸಿಮಾತ್ರೆಯ ಗುಂಪಿನಲ್ಲಿ ಶೇ. 12.0, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ. 6.4. ಒಂದು ಲೀಟರ್ ದಾಟಿದವರು ಕ್ರಮವಾಗಿ ಶೇ. 1.2 ಮತ್ತು ಶೇ. 0.2. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತದೆ ಎಂದಾಯಿತು. ಮಾತ್ರೆ ತೆಗೆದುಕೊಂಡ ಅರ್ಧಕ್ಕರ್ಧ ಬಾಣಂತಿಯರಿಗೆ ನಡುಕ ಬಂತು ಎಂಬುದನ್ನೂ ಎಎನ್‌ಎಂಗಳೇ ದಾಖಲಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದಾಗ ಅದರ ಹಿಂದೆ ಇದ್ದ ಆಧಾರಗಳಲ್ಲಿ ಬೆಳಗಾವಿಯದೂ ಒಂದು.

ಈ ಪ್ರಯೋಗದ ಇನ್ನೊಂದು ಫಲಕ್ಕೆ ಮಾತ್ರೆಯಷ್ಟೇ ತೂಕವಿದೆ. ಹೆರಿಗೆಯಲ್ಲಿ ಹೋದ ರಕ್ತವನ್ನು ಎಲ್ಲೆಡೆ ಕಣ್ಣಂದಾಜಿನಲ್ಲೇ ಬರೆಯುತ್ತಿದ್ದರು. ರಕ್ತ ಹಾಸಿಗೆಗೆ ಇಂಗುತ್ತದೆ, ಬಟ್ಟೆಗೆ ಹತ್ತುತ್ತದೆ, ಗರ್ಭಜಲದ ಜೊತೆ ಬೆರೆಯುತ್ತದೆ, ನೆಲಕ್ಕೂ ಇಳಿಯುತ್ತದೆ. ಅಂಥ ಅಂದಾಜಿನ ಮೇಲೆ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ತೀರ್ಮಾನಿಸಲು ಆಗದು. ಅದಕ್ಕಾಗಿ ಬೆಳಗಾವಿ ತಂಡ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿತು. ಮಗು ಹೊರಬಂದ ಕೂಡಲೇ ಅದನ್ನು ಬಾಣಂತಿಯ ಕೆಳಗೆ ಸರಿಸಿ, ದಾರಗಳನ್ನು ಹೊಟ್ಟೆಯ ಸುತ್ತ ಕಟ್ಟುತ್ತಾರೆ. ಹಾಳೆಯ ಕೆಳಭಾಗ ಚೀಲದಂತೆ ಇಳಿದು ತುದಿಯಲ್ಲಿ ಕಿರಿದಾಗುತ್ತದೆ. ಅದರ ಮೇಲೆ ಮಿಲಿಲೀಟರ್ ಗೆರೆಗಳಿವೆ. ಲಾಟೀನಿನ ಬೆಳಕಿನಲ್ಲೂ ಓದಬಹುದು, ತಕ್ಕಡಿ ಬೇಡ, ಕರೆಂಟು ಬೇಡ. ಬ್ರಾಸ್-ವಿ ಎಂದು ಹೆಸರಾದ ಈ ಹಾಳೆ ತಮಿಳುನಾಡಿನ ಮದುರೈಯ ತಯಾರಕರ ಕೈಯಲ್ಲಿ ಮಾರುಕಟ್ಟೆಯ ವಸ್ತುವಾಯಿತು. 123 ಹೆರಿಗೆಗಳಲ್ಲಿ ಮಾಡಿದ ಹೋಲಿಕೆಯಲ್ಲಿ ಕಣ್ಣಂದಾಜು ಈ ಹಾಳೆಯ ಅಳತೆಗಿಂತ ಶೇ. 33ರಷ್ಟು ಕಡಿಮೆ ತೋರಿಸಿತು. ಅಂದರೆ ಅಪಾಯದ ಗೆರೆ ದಾಟಿದ ಎಷ್ಟೋ ಬಾಣಂತಿಯರನ್ನು ಕಣ್ಣು ‘ಪರವಾಗಿಲ್ಲ’ ಎಂದು ಬಿಟ್ಟುಬಿಡುತ್ತಿತ್ತು. ಮುಂದೆ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗ ಇಂಥದೇ ಗೆರೆಹಾಳೆಯಿಂದ ಆರಂಭವಾಗುವ ಚಿಕಿತ್ಸಾಕ್ರಮವನ್ನು ಪರೀಕ್ಷಿಸಿತು. ಮಾಮೂಲಿ ಆರೈಕೆಯಲ್ಲಿ ಅತಿ ರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳು ಮಾತ್ರ ಪತ್ತೆಯಾದರೆ, ಅಲ್ಲಿ ಶೇ. 93 ಪತ್ತೆಯಾದವು. ಅಲ್ಲೂ ಕೆಲಸ ಮಾಡಿದವರು ಹೆಚ್ಚಾಗಿ ಸೂಲಗಿತ್ತಿ ನರ್ಸುಗಳೇ. ಉದ್ಯಮಕ್ಕೂ ನರ್ಸುಗಳಿಗೂ ಸರಿಯಾದ ಕೂಡುವಿಕೆ ಎಂದರೆ ಏನೆಂದು ಕೇಳಿದರೆ ತೋರಿಸಬೇಕಾದ್ದು ಈ ಹಾಳೆಯನ್ನು. ಹೆರಿಗೆ ಮಾಡಿಸುವವಳ ಅಡಚಣೆಯಿಂದ ವಸ್ತು ಹುಟ್ಟಿತು, ತಯಾರಕ ಅದಕ್ಕೆ ಆಕಾರ ಕೊಟ್ಟ, ಪ್ರಯೋಗ ಅದರ ಬೆಲೆ ತೋರಿಸಿತು.

ಆದರೆ ಬೆಳಗಾವಿಯ ಪ್ರಯೋಗವನ್ನು ಹೊಗಳಿ ಮುಂದೆ ಹೋಗುವಂತಿಲ್ಲ. ಲ್ಯಾನ್ಸೆಟ್ ಲೇಖನದ ಕರ್ತೃಗಳ ಪಟ್ಟಿಯಲ್ಲಿ ಆ 25 ಎಎನ್‌ಎಂಗಳ ಹೆಸರಿಲ್ಲ. ಗಂಭೀರವಾದ ಇನ್ನೊಂದು ಪ್ರಶ್ನೆ ಹುಸಿಮಾತ್ರೆಯದು. ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ರಕ್ತಸ್ರಾವ ತಡೆಯುತ್ತದೆಂದು ಆಗಲೇ ತಿಳಿದಿತ್ತು. ಹಾಗಿರುವಾಗ 808 ತಾಯಂದಿರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟದ್ದು ಸರಿಯೇ? ಆಗಿನ ನಿಯಮದಂತೆ ಎಎನ್‌ಎಂ ಅಂಥ ಚುಚ್ಚುಮದ್ದು ಕೊಡುವಂತಿರಲಿಲ್ಲ, ಆದ್ದರಿಂದ ಪ್ರಯೋಗದಲ್ಲಿ ಯಾರೂ ಇದ್ದ ಆರೈಕೆಯನ್ನು ಕಳೆದುಕೊಳ್ಳಲಿಲ್ಲ ಎಂಬುದು ಸಮರ್ಥನೆ. ಈ ಸಮರ್ಥನೆ ಸುಳ್ಳಲ್ಲ, ಆದರೆ ಅದರೊಳಗೇ ಒಂದು ಒಪ್ಪಿಗೆಯಿದೆ: ಕೊರತೆಯಿದ್ದದ್ದು ಜ್ಞಾನದಲ್ಲಿ ಅಲ್ಲ, ನರ್ಸಿಗೆ ಕೊಟ್ಟ ಅಧಿಕಾರದಲ್ಲಿ. ನಂತರದ ವರ್ಷಗಳಲ್ಲಿ ಕೇಂದ್ರ ಸರ್ಕಾರ ಎಎನ್‌ಎಂಗಳಿಗೆ ಆ ಅಧಿಕಾರ ಕೊಟ್ಟಿತು. ಪ್ರಯೋಗದ ಯೋಜನೆ ಬರೆಯುವ ಮೇಜಿನಲ್ಲಿ ಅನುಭವಿ ಎಎನ್‌ಎಂ ಒಬ್ಬಳಿಗೆ ಮತವಿದ್ದಿದ್ದರೆ ಆ ಬೇಡಿಕೆ ಮೊದಲೇ ಬರುತ್ತಿತ್ತು ಎಂದು ನಂಬಲು ಕಾರಣವಿದೆ. ಬರಿಗೈಯಲ್ಲಿ ನಿಂತು ರಕ್ತ ನೋಡುವವಳು ಅವಳೇ ತಾನೇ.

ದೊಡ್ಡ ಕಂಪನಿಗಳು ನೇರವಾಗಿ ಕೈಜೋಡಿಸಿದ ಉದಾಹರಣೆ ಕಾರ್ಬೆಟೋಸಿನ್. ಆಕ್ಸಿಟೋಸಿನ್‌ನ ದೊಡ್ಡ ದೋಷವೆಂದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಅದು ಎಷ್ಟು ಸತ್ವ ಉಳಿಸಿಕೊಂಡಿದೆಯೆಂದು ನೋಡಿ ತಿಳಿಯುವಂತಿಲ್ಲ. ಸ್ವಿಟ್ಜರ್‌ಲೆಂಡಿನ ಫೆರಿಂಗ್ ಕಂಪನಿ ಶಾಖ ತಡೆದುಕೊಳ್ಳುವ ಕಾರ್ಬೆಟೋಸಿನ್ ರೂಪಿಸಿತು. ಅದು 30 ಡಿಗ್ರಿಯಲ್ಲೂ ವರ್ಷಗಟ್ಟಲೆ ಕೆಡದು. ಫೆರಿಂಗ್, ಅಮೆರಿಕದ ಮರ್ಕ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 10 ದೇಶಗಳ 23 ಆಸ್ಪತ್ರೆಗಳಲ್ಲಿ 29,645 ತಾಯಂದಿರನ್ನು ಒಳಗೊಂಡ ಪ್ರಯೋಗ ನಡೆಸಿದವು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ವೈದ್ಯಕೀಯ ಕಾಲೇಜುಗಳ ತಜ್ಞರು ಅದರಲ್ಲಿ ಪಾಲುಗೊಂಡರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಔಷಧಿಗಳು ಹೆಚ್ಚುಕಡಿಮೆ ಸಮವಾಗಿ ನಿಂತವು: ರಕ್ತಸ್ರಾವದ ಮುಖ್ಯ ಅಳತೆಯಲ್ಲಿ ಕಾರ್ಬೆಟೋಸಿನ್‌ಗೆ ಶೇ. 14.5, ಆಕ್ಸಿಟೋಸಿನ್‌ಗೆ ಶೇ. 14.4. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಾವ ಔಷಧಿ ಯಾವುದೆಂದು ಯಾರಿಗೂ ತಿಳಿಯಬಾರದೆಂದು ಪ್ರಯೋಗದುದ್ದಕ್ಕೂ ಎರಡನ್ನೂ ತಂಪಿನಲ್ಲೇ ಇಟ್ಟಿದ್ದರು. ಶಾಸ್ತ್ರದ ಪ್ರಕಾರ ಅದು ಸರಿ. ಆದರೆ ಯಾವ ಗುಣಕ್ಕಾಗಿ ಹೊಸ ಔಷಧಿ ಬೇಕಾಗಿತ್ತೋ, ಅಂದರೆ ಫ್ರಿಜ್ಜಿಲ್ಲದ ಕಪಾಟಿನಲ್ಲಿ ಬಾಳುವ ಗುಣ, ಅದು ಪರೀಕ್ಷೆಗೇ ಒಳಗಾಗಲಿಲ್ಲ. ತಂಪು ಚೆನ್ನಾಗಿದ್ದ ಆಸ್ಪತ್ರೆಗಳಲ್ಲಿ ಎರಡೂ ಸಮ ಎಂದು ತಿಳಿಯಿತು. ತಂಪು ಕೆಡುವ ಕಡೆ ಹೊಸದು ಎಷ್ಟು ಹೆಚ್ಚು ಜೀವ ಉಳಿಸುತ್ತದೆ ಎಂಬ ಪ್ರಶ್ನೆ, ಅಂದರೆ ಔಷಧಿ ದಾಸ್ತಾನಿನ ಬೀಗದ ಕೈ ಇಟ್ಟುಕೊಂಡಿರುವ ನರ್ಸಿನ ಪ್ರಶ್ನೆ, ಹಾಗೆಯೇ ಉಳಿಯಿತು.

ಉಪಕರಣದ ಉದಾಹರಣೆ ಗೋಕಾಕದ್ದು. ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಸ್ವಿಸ್ ಕಂಪನಿ ಮೈಕ್ರೋಲೈಫ್ ಸೇರಿ ಕ್ರೇಡಲ್ ಎಂಬ ಬಿಪಿ ಯಂತ್ರ ಮಾಡಿದವು. ಬಿಪಿ ಮತ್ತು ನಾಡಿಬಡಿತ ಅಳೆದು ಹಸಿರು, ಹಳದಿ, ಕೆಂಪು ದೀಪ ತೋರಿಸುವ ಈ ಯಂತ್ರವನ್ನು ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಮಾಡಬಹುದು. ಓದಲು ಬಾರದವರಿಗೂ ತಿಳಿಯುವಂಥ ವಿನ್ಯಾಸ. 2016–17ರಲ್ಲಿ ಆಫ್ರಿಕಾ, ಹೈಟಿ ಮತ್ತು ಭಾರತದ ಹತ್ತು ಪ್ರದೇಶಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡು ನಡೆದ ಪರೀಕ್ಷೆಯಲ್ಲಿ ಭಾರತದ ಕೇಂದ್ರ ಗೋಕಾಕ. ಪೂರ್ವನಿರ್ಧರಿತ ಲೆಕ್ಕಾಚಾರ ಮಾಡಿದ ಮೇಲೆ, ಯಂತ್ರದಿಂದ ಸಾವು ಮತ್ತು ತೀವ್ರ ತೊಂದರೆ ತಗ್ಗಿದವೆಂದು ಸಾಬೀತಾಗಲಿಲ್ಲ. ಇದನ್ನು ಸೋಲೆಂದು ಮುಚ್ಚಿಡುವುದು ತಪ್ಪು. ಕೆಂಪು ದೀಪ ಹತ್ತಿದ ಮೇಲೆ ಮ್ಯಾಗ್ನೀಷಿಯಂ ಸಲ್ಫೇಟ್ ಬೇಕು, ಆಂಬುಲೆನ್ಸ್ ಬೇಕು, ರಕ್ತ ಬೇಕು, ಹೋದ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರು ಇರಬೇಕು. ಯಂತ್ರ ನರ್ಸಿನ ಕಣ್ಣನ್ನು ಚುರುಕು ಮಾಡಿತು, ಅವಳ ಕೈಗೆ ಇನ್ನೇನೂ ಕೊಡಲಿಲ್ಲ. ಯಂತ್ರ ಮಾರುವ ಕಂಪನಿಗೆ ಈ ಫಲಿತಾಂಶ ಕಹಿಯಾದರೂ, ಮುಂದಿನ ಯೋಜನೆ ಯಂತ್ರದಿಂದಲ್ಲ, ಯಂತ್ರ ಕೂಗಿದ ನಂತರದ ಅರ್ಧ ಗಂಟೆಯಿಂದ ಶುರುವಾಗಬೇಕೆಂದು ಕಲಿಸಿದ್ದು ಇದೇ.

ನರ್ಸುಗಳನ್ನು ಉದ್ಯಮದ ಹತ್ತಿರಕ್ಕೆ ತರುವುದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದು ನಂಬಿಕೆಯದು. ಹಳ್ಳಿಯ ಮನೆಗಳಲ್ಲಿ ನರ್ಸಕ್ಕ ಹೇಳಿದರೆ ಒಲ್ಲೆ ಎನ್ನುವವರು ಕಡಿಮೆ. ಆ ನಂಬಿಕೆ ವರ್ಷಗಟ್ಟಲೆ ಲಸಿಕೆ ಹಾಕಿ, ಬಾಣಂತನ ನೋಡಿ ಗಳಿಸಿದ್ದು. ಕಂಪನಿಯ ಹಣ ಅದರ ಮೇಲೆ ಸವಾರಿ ಮಾಡಿದರೆ ಒಪ್ಪಿಗೆ ಪತ್ರಕ್ಕೆ ಅರ್ಥವೇ ಉಳಿಯದು. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಪಾತ್ ಸಂಸ್ಥೆ ನಡೆಸಿದ ಎಚ್‌ಪಿವಿ ಲಸಿಕೆ ಯೋಜನೆಯಲ್ಲಿ ಖಮ್ಮಂನ ಎಷ್ಟೋ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಹೊರಬಂದು, ಯೋಜನೆ ನಿಂತು, ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕಟುವಾದ ವರದಿ ಕೊಟ್ಟಿತು. ಲಸಿಕೆ ಕೊಟ್ಟದ್ದು ದೊಡ್ಡ ಕಂಪನಿಗಳು, ಹಾಕಿದ್ದು ಸರ್ಕಾರಿ ವ್ಯವಸ್ಥೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಅದರಿಂದ ನರ್ಸನ್ನು ದೂರವಿಡಬೇಕು ಎಂಬ ತೀರ್ಮಾನ ಹೊರಡುವುದಿಲ್ಲ. ಅವಳು ಈಗಲೇ ಪ್ರಯೋಗದ ಒಳಗಿದ್ದಾಳೆ. ಇಲ್ಲದ್ದು ಅವಳ ಮಾತಿಗೆ ಕಾಪು. ಆದ್ದರಿಂದ ಕಂಪನಿಯ ಹಣ ಸಂಸ್ಥೆಯ ಮೂಲಕ ಬರಬೇಕು, ಸೇರಿಸಿದ ತಲೆಗಿಷ್ಟು ಎಂದು ನರ್ಸಿಗೆ ಸಂದಾಯವಾಗಬಾರದು. ಆರೈಕೆ ಮಾಡುವವಳೇ ಒಪ್ಪಿಗೆ ಪಡೆಯಬಾರದು, ಅದಕ್ಕೆ ಬೇರೊಬ್ಬರಿರಬೇಕು. ತೊಂದರೆ ಕಂಡರೆ ಔಷಧಿ ನಿಲ್ಲಿಸಿ ನೇರವಾಗಿ ನೀತಿ ಸಮಿತಿಗೆ (ಎಥಿಕ್ಸ್ ಕಮಿಟಿಗೆ) ತಿಳಿಸುವ ಹಕ್ಕು ಅವಳಿಗೆ ಬರವಣಿಗೆಯಲ್ಲಿರಬೇಕು.

ಎರಡನೆಯ ಆಕ್ಷೇಪ ಹೊರೆಯದು. ಸರ್ಕಾರದ ಮಾನದಂಡದಂತೆ ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ. ಲಸಿಕೆ, ಗರ್ಭಿಣಿಯರ ತಪಾಸಣೆ, ಕ್ಷಯ, ಬಿಪಿ, ಶುಗರ್, ಅದಕ್ಕೆಲ್ಲ ರಿಜಿಸ್ಟರು ಮತ್ತು ಆ್ಯಪು. ಇದರ ಮೇಲೆ ಟ್ರಯಲ್‌ನ ಪುಟಗಳನ್ನು ಹೇರಿದರೆ ಕೆಡುವುದು ಎರಡೂ. ಈ ಮಾತು ಸರಿ, ಆದರೆ ಇದು ಬಿಟ್ಟಿ ಕೆಲಸದ ವಿರುದ್ಧದ ವಾದ, ಸಂಶೋಧನೆಯ ವಿರುದ್ಧದ್ದಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕಂಪನಿ ಪ್ರಯೋಗಗಳಿಗೆ ಸ್ಟಡಿ ಕೋಆರ್ಡಿನೇಟರ್ ಎಂಬ ಹುದ್ದೆಯಿದೆ, ಅದಕ್ಕೆ ಸಂಬಳವೂ ಇದೆ. ಜಿಲ್ಲೆ, ತಾಲ್ಲೂಕು ಮಟ್ಟದ ನರ್ಸಿಗೆ ಅದೇ ಕೆಲಸ ‘ಸಹಕಾರ’ ಎಂಬ ಹೆಸರಿನಲ್ಲಿ ಬರುತ್ತದೆ. ಅಮೆರಿಕದ ನರ್ಸಿಂಗ್ ಸಂಘ 2016ರಲ್ಲಿ ಚಿಕಿತ್ಸಾ ಸಂಶೋಧನೆಯ ನರ್ಸಿಂಗನ್ನು ಪ್ರತ್ಯೇಕ ತಜ್ಞತೆಯೆಂದು ಮಾನ್ಯ ಮಾಡಿತು. ನಮ್ಮಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯದಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಇದೆ, ಆದರೆ ಕಾಲೇಜುಗಳ ಪ್ರಬಂಧಗಳು ಬಹುಮಟ್ಟಿಗೆ ‘ತಿಳಿವಳಿಕೆಯ ಮೇಲೆ ಬೋಧನಾ ಕಾರ್ಯಕ್ರಮದ ಪರಿಣಾಮ’ ಎಂಬ ಒಂದೇ ಅಚ್ಚಿನಲ್ಲಿ ಬರುತ್ತವೆ. ನರ್ಸುಗಳಿಗೆ ಅಷ್ಟು ವಿಜ್ಞಾನ ಬಾರದು ಎಂಬ ಮೂರನೆಯ ಆಕ್ಷೇಪಕ್ಕೆ ಬೆಳಗಾವಿಯ ಎಎನ್‌ಎಂಗಳು ಅಳೆದು ಬರೆದ 1,620 ಹೆರಿಗೆಗಳ ದಾಖಲೆಯೇ ಉತ್ತರ. ತರಬೇತಿ ಕೊಟ್ಟ ಕಡೆ ಕೆಲಸ ಗಟ್ಟಿಯಾಗಿ ಬಂದಿದೆ.

ಹಾನಗಲ್ ತಾಲ್ಲೂಕಿನ ತಿಳವಳ್ಳಿಯಂಥ ಊರಿಗೆ ಇದೆಲ್ಲ ದೂರದ ಮಾತಲ್ಲ. ಹಾನಗಲ್, ಹಿರೇಕೆರೂರು, ಶಿಗ್ಗಾವಿ, ಸವಣೂರು ಸೇರಿದ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟದ್ದು 1997ರಲ್ಲಿ. ಇತ್ತೀಚಿನವರೆಗೆ ಅಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಹೆರಿಗೆ ಕಷ್ಟವಾದರೆ ಹಾವೇರಿಗೋ ಹುಬ್ಬಳ್ಳಿಗೋ ಗಾಡಿ ಹತ್ತಬೇಕು. ದಾರಿಯಲ್ಲಿ ಕಳೆಯುವ ಹೊತ್ತಿನಲ್ಲಿ ಬಾಣಂತಿಯನ್ನು ಕಾಯುವುದು ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೊಟ್ಟ ಮಾತ್ರೆ ಅಥವಾ ಚುಚ್ಚುಮದ್ದು. ಹಾನಗಲ್ ಮಲೆನಾಡಿನ ಸೆರಗಿನ ತಾಲ್ಲೂಕು, ಮಳೆಗಾಲದ ತೇವ ಕಪಾಟಿನೊಳಗೂ ಇಳಿಯುತ್ತದೆ. ಮಿಸೊಪ್ರೊಸ್ಟಾಲ್ ಮಾತ್ರೆ ಕೆಡುವುದು ಮುಖ್ಯವಾಗಿ ತೇವದಿಂದ. ಎರಡೂ ಬದಿ ಅಲ್ಯೂಮಿನಿಯಂ ಹಾಳೆಯ ಪಟ್ಟಿಯಲ್ಲಿ ಬಂದರೆ ಅದು ಬಾಳುತ್ತದೆ, ಒಂದು ಬದಿ ಪ್ಲಾಸ್ಟಿಕ್ ಆದರೆ ಬಾಳುವುದಿಲ್ಲ. ಯಾವ ಪಟ್ಟಿ ಬರುತ್ತಿದೆ ಎಂದು ಪೆಟ್ಟಿಗೆ ಒಡೆಯುವ ನರ್ಸಿಗೆ ಗೊತ್ತು, ಟೆಂಡರ್ ಬರೆಯುವವರಿಗೆ ಅವಳು ಹೇಳುವ ದಾರಿಯಿಲ್ಲ. 2018ರಲ್ಲಿ, ದನಕರುಗಳ ಮೇಲೆ ದುರುಪಯೋಗವಾಗುತ್ತಿದೆ ಎಂದು ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಎಂಬ ಸರ್ಕಾರಿ ಕಂಪನಿಯೊಂದರ ಮೇಲೆಯೇ ಇಡೀ ದೇಶದ ಹೆರಿಗೆ ಕೋಣೆಗಳ ಹೊರೆ ಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಜೀವ ಉಳಿಸುವ ಔಷಧಿಯ ಪೂರೈಕೆ ಕುರಿತ ಇಂಥ ತೀರ್ಮಾನಗಳಲ್ಲಿ ಅದನ್ನು ದಿನವೂ ಕೊಡುವವರ ದನಿಗೆ ಜಾಗವೇ ಇಲ್ಲ.

ಕಾನೂನಿನಲ್ಲಿ ಆ ಜಾಗ ಮಾಡುವುದು ಕಷ್ಟವಲ್ಲ. 2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಪ್ರತಿ ನೀತಿ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟು ಜನ ಸಂಸ್ಥೆಯ ಹೊರಗಿನವರಾಗಿರಬೇಕು, ಒಟ್ಟು ಸದಸ್ಯರಲ್ಲಿ ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರು, ಮಹಿಳೆ ಇರಲೇಬೇಕು ಎನ್ನುತ್ತವೆ. ನರ್ಸ್ ಇರಲೇಬೇಕೆಂದು ಹೇಳುವುದಿಲ್ಲ, ಇರಬಾರದೆಂದೂ ಹೇಳುವುದಿಲ್ಲ. ಹಾವೇರಿಯ ಹೊಸ ಕಾಲೇಜಾಗಲಿ, ಹುಬ್ಬಳ್ಳಿ, ಬೆಳಗಾವಿಯ ಹಳೆಯ ಕಾಲೇಜುಗಳಾಗಲಿ ತಮ್ಮ ಸಮಿತಿಗೆ ಹೆರಿಗೆ ಕೋಣೆಯಲ್ಲಿ ದುಡಿದ ಹಿರಿಯ ನರ್ಸೊಬ್ಬರನ್ನು ಸೇರಿಸಿಕೊಳ್ಳಲು, ಕಂಪನಿಗಳ ಜೊತೆಗಿನ ಒಪ್ಪಂದದಲ್ಲಿ ನರ್ಸಿನ ವೇಳೆಗೆ ಬೇರೆ ಲೆಕ್ಕಶೀರ್ಷಿಕೆ ತೆರೆಯಲು, ಯೋಜನೆಯ ಕರಡನ್ನು ಉಪಕೇಂದ್ರದವರಿಗೆ ಕನ್ನಡದಲ್ಲಿ ಓದಿಸಿ ಅವರ ಆಕ್ಷೇಪಗಳನ್ನು ಕಡತದಲ್ಲಿ ಇಡಲು ಯಾವ ತಿದ್ದುಪಡಿಯೂ ಬೇಕಿಲ್ಲ. ಸಮಿತಿಯ ಮುಂದಿನ ಸಭೆಯ ಒಂದು ಠರಾವು ಸಾಕು.